ಭಾಷಣದ ಮೂರನೇ ಪ್ರತಿ

ಉದ್ಯಮಬಾಗ, ಮುಂಜಾನೆ ಹತ್ತೂಕಾಲು.
ಭಟ್ಟಿಗೆ ಇನ್ನೂ ಕಾವು ಬಂದಿಲ್ಲ,
ಸಾಹುಕಾರರಿಗೆ ಬಂದೈತಿ.
"ಬರಕೋ ಸುಗಂಧಾ, ಸಂಜಿಗೆ ಕಾರಖಾನೆದಾರರ ಸಭಾ:
ಸರಕಾರ ನಮ್ಮ ಹೆಗಲ ಮ್ಯಾಲಿಂದ ಇಳೀಬೇಕು.
ಮನಷ್ಯಾನ್ನ ಅವನ ಪಾಡಿಗೆ ಬಿಡಬೇಕು."

ಕುಟ್ಟಿದೆ.
ಸ್ವಾತಂತ್ರ್ಯ ಅನ್ನೂ ಶಬ್ದ ಪರದೆ ಮ್ಯಾಲ ನೆಟ್ಟಗಿತ್ತು,
ಪ್ರಿಂಟರಿನಿಂದ ಹೊರಗ ಬರೂದ್ರಾಗ
ತ ಒಂದ ಕಡೆ, ರ ಒಂದ ಕಡೆ,
ಯ ಅಂತೂ ಕೆಳಗಿನ ಸಾಲಿಗೆ ಬಿದ್ದಿತ್ತು.
ಮೊದಲನೇ ಪ್ರತಿ ಹರದೆ.

ಸುಳ್ಳ ಯಾಕ ಹೇಳಲಿ, ಅವರ ಸಿಟ್ಟಿಗೆ ಕಾರಣ ಐತಿ.
ಇನಸ್ಪೆಕ್ಟರ ಬಂದಾಗ ಕುಂದಾದ ಡಬ್ಬಿ ಒಯ್ದು ಕೊಟ್ಟಾಕಿ ನಾನ.
ಕುಂದಾಕ್ಕಿಂತ ಹಗುರಿತ್ತು ಡಬ್ಬಿ.
ಅಂವ ಭಟ್ಟಿ ನೋಡಲಿಲ್ಲ, ಹೊಗಿ ನೋಡಲಿಲ್ಲ,
ಅಂಗೈಯಾಗ ತೂಗಿ ನೋಡಿ ಸಹಿ ಮಾಡಿದ.
ನಮ್ಮಪ್ಪನೂ ಒಂದು ಉತಾರಕ್ಕಾಗಿ
ತಹಶೀಲದಾರ ಕಚೇರಿ ಕಟ್ಟಿ ಸವಸಿದಾಂವ.
ಹಂಗಾಗಿ ಆ ಸಾಲು ಬರೀವಾಗ
ನನ್ನ ಬಳ್ಳು ತಡೀಲಿಲ್ಲ.

ಎರಡನೇ ಪುಟದ ನಡುವ ಎದ್ದು
ಬಾಗಲದಾಗಿನ ವಹಿ ತಗದೆ.
ಪಾಯಖಾನೆಗೆ ಹೋಗಾಕ ನಮ್ಮಲ್ಲೊಂದು ವಹಿ ಐತಿ:
ಹೆಸರು, ಹೋದ ವ್ಯಾಳೆ, ಬಂದ ವ್ಯಾಳೆ, ಕಾರಣ.
ಕಾರಣದ ಕೆಳಗ ಎಲ್ಲಾರೂ "ಸದರಿ" ಅಂತ ಬರೀತೇವಿ.
ಏಳು ನಿಮಿಷ. ಎಂಟಾತೋ, ಅರ್ಧಾ ತಾಸಿನ ಪಗಾರ ಖೋತಾ.
ಇಂಥಾ ವಹಿ ಸರಕಾರ ಇಟ್ಟಿದ್ದರ
ಸಾಹುಕಾರರು ಚೆನ್ನಮ್ಮ ಸರ್ಕಲ್ಲಿನಾಗ
ಗಾದಿ ಹಾಸಿ ಧರಣಿ ಕುಂಡರತಿದ್ದರು.

ಯಲ್ಲೋಜಿ ಸುತಾರ.
ಎರಕಕ್ಕ ಕಟ್ಟಿಗಿ ಅಚ್ಚು ಮಾಡಾಂವ, ಹತ್ತೊಂಬತ್ತು ವರ್ಷ.
ಇಲೆಕ್ಷನ್ ಹೊತ್ತಿನಾಗ ಮೊಬೈಲ್ ಸ್ಟೇಟಸ್ಸಿಗೆ
ಬ್ಯಾರೇ ಪಾರ್ಟಿ ಚಿಹ್ನೆ ಇಟ್ಟ.
ಒಂದ ದಿನಕ್ಕ ತಾನಾಗೇ ಅಳಿಸಿ ಹೋಗೂ ಚಿಹ್ನೆ.
ಅದು ಅಳಿಯೂದ್ರಾಗ ಅವನ ಇರಲಿಲ್ಲ.
"ಅವನ ಓಟು ಅವಂದು, ನನ್ನ ಗೇಟು ನಂದು"
ಅಂದರು ಸಾಹುಕಾರರು. ಎರಡೂ ಖರೇನ.

ಗೇಟಿನ ಹೊರಗ ಚಾದ ಗಾಡಿ ಹಚ್ಚಿದ.
ಹದಿನಾಕನೇ ದಿನಕ್ಕ ಕಾರ್ಪೊರೇಷನ್ ಲಾರಿ ಬಂದು
ಗಾಡಿ ಹೊತಗೊಂಡು ಹೋತು.
ಕಿಟ್ಲಿ ಒಂದ ಉಳದಿತ್ತು ಕೈಯಾಗ.
ಅದರಾಗಿಂದ ನನಗೊಂದು ಕಪ್ಪು ಸುರುವಿ ಅಂದ:
"ಬಾಯಾರ, ಗಾಡಿ ಒಯ್ದವರನ್ನ ಐದು ವರ್ಷಕ್ಕೊಮ್ಮೆ
ಬಳ್ಳಿಗೆ ಶಾಯಿ ಹಚಗೊಂಡು ನೋಡಕೋತೇನಿ.
ಸೋಲಲಿ, ಗೆಲ್ಲಲಿ, ಡಬ್ಬಿ ಅಂತೂ ಐತಿ.
ನಿಮ್ಮ ಒಳಗ ಡಬ್ಬಿ ಎಲ್ಲಿಟ್ಟಾರ?"

ಇಟ್ಟಾರ.
ಕ್ಯಾಂಟೀನಿನ ಗ್ವಾಡಿಗೆ, ಹಸರು ಬಣ್ಣದ್ದು: ಸಲಹಾ ಪೆಟ್ಟಿಗೆ.
ಕೀಲಿಕೈ ಸಾಹುಕಾರರ ಉಡದಾರದಾಗ.
ಒಮ್ಮೆ ತಗದಾಗ
ಗುಟ್ಕಾ ಚೀಟಿ, ಹುರದ ಶೇಂಗಾ ಒಂದು,
ನಾಕು ಮಡಿಕಿ ಮಾಡಿದ ಖಾಲಿ ಹಾಳಿ.
ಆ ಖಾಲಿ ಹಾಳಿ ಯಾರದು ಅಂತ
ಎಂಟು ದಿನ ವಿಚಾರಣಿ ನಡೀತು.

ನಮ್ಮವ್ವನ ಕಣ್ಣಿನ ಆಪರೇಶನ್ನಿಗೆ ರೊಕ್ಕ ಕೊಟ್ಟವರೂ ಇವರ.
ಯಾವ ಲೆಕ್ಕದಾಗೂ ಬರದಿಲ್ಲ ಅದನ್ನ.
ಆಕಿ ಈಗ ಸೂಜಿಗೆ ದಾರ ಪೋಣಸ್ತಾಳ,
ನಾ ಬಾಯಿಗೆ.

ಎರಡನೇ ಪ್ರತಿಯೊಳಗೂ ಯ ಬಿತ್ತು.
ಮೂರನೇದರಾಗ ಪೆನ್ನಿಲೆ ತಿದ್ದಿ ಕೊಟ್ಟೆ.

ಸಂಜಿಗೆ ಸಭಾ ತುಂಬಿತ್ತು.
ಆ ಶಬ್ದ ಬಂದಾಗ ಸಾಹುಕಾರರು ನಿಂತು,
ಚಸಮಾ ಏರಿಸಿ, ನನ್ನ ಅಕ್ಷರ ಓದಿದರು.
ಚಪ್ಪಾಳಿ ಜೋರ ಬಿತ್ತು.
ಹಿಂದಿನ ಕುರ್ಚಿಯಿಂದ ಮೆಲ್ಲಕ ಎದ್ದೆ,
ಹೆಂಗಸರ ಕಡೆ ಅಂತ ಬಾಣ ಬರದಿದ್ದರು, ಹೋದೆ.
ಬಾಗಲದಾಗ ನಿಂತು ಅತ್ತಿತ್ತ ಹುಡಕಿದೆ,
ವಹಿ ಇರಲಿಲ್ಲ.
ಕೈ ಆಗಲೇ ಪೆನ್ನಿನ ಟೊಪಗಿ ತಗದಿತ್ತು.